ದಾಳ ಉರುಳುವ ಮೊದಲೇ ಹೇಳಿಬಿಡಿ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗಂಟನ್ನು ಬಿಡಿಸಲು ಹೊರಟಿವೆ: ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ರೂಲ್‌ಬುಕ್ಕಿನ ಮಾತು ಎಲ್ಲಿಯವರೆಗೆ ನಡೆಯಬೇಕು, ಆಟ ನಡೆಸಿ ತೀರ್ಪು ಕೊಡುವ ಗೇಮ್ ಮಾಸ್ಟರ್‌ನ (ಜಿಎಂ) ವಿವೇಚನೆ ಎಲ್ಲಿಂದ ಶುರುವಾಗಬೇಕು? ಬೇರೆ ಆಟದ ಹೆಸರು ಹೇಳದ ಕಡೆಯೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯ 2014ರ ನಿಯಮಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. 2024ರ ಪರಿಷ್ಕೃತ ಪುಸ್ತಕ ಬಳಸುವವರಿಗೆ ಕೆಲವು ವಿವರ ಬದಲಾಗಬಹುದು, ವಾದ ಬದಲಾಗುವುದಿಲ್ಲ.

ಪ್ರಶ್ನೆ: ಹೊಸದಾಗಿ ಗೇಮ್ ಮಾಸ್ಟರ್ ಆಗಿದ್ದೇನೆ. ಒಬ್ಬ ಆಟಗಾರ್ತಿ, ಮಹಡಿಯಿಂದ ಜಿಗಿದು ತೂಗುದೀಪಕ್ಕೆ ಜೋತುಬಿದ್ದು, ಕೆಳಗಿರುವ ಕಾವಲುಗಾರರ ಮೇಲೆ ಆ ದೀಪವನ್ನೇ ಕೆಡವುತ್ತೇನೆ ಎಂದಳು. ಇದಕ್ಕೆ ಪುಸ್ತಕದಲ್ಲಿ ನಿಯಮ ಹುಡುಕುತ್ತ ಕೂತೆ, ಅಷ್ಟರಲ್ಲಿ ಎಲ್ಲರೂ ಮೊಬೈಲ್ ತೆಗೆದಿದ್ದರು. ಇಂಥ ಹೊತ್ತಿನಲ್ಲಿ ಥಟ್ಟನೆ ತೀರ್ಮಾನಿಸುವುದು ಹೇಗೆ?

ಉತ್ತರ: ಪುಸ್ತಕ ಮುಚ್ಚಿಡಿ. ತೂಗುದೀಪಕ್ಕೆಂದೇ ಬರೆದ ನಿಯಮ ಅದರಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ತೀರ್ಪು ಕೊಡಲು ಬೇಕಾದ ಅಳತೆಗೋಲುಗಳು ಅದರಲ್ಲೇ ಇವೆ. ಅವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜಿಎಂ ತನ್ನೆದುರು ನಿಲ್ಲಿಸಿಕೊಳ್ಳುವ ಮರೆಪರದೆಯ ಒಳಬದಿಗೆ ಅಂಟಿಸಿಕೊಳ್ಳಿ.

ಮೊದಲು ಆಕೆಗೆ ಬೇಕಾದ ಫಲ ಯಾವುದೆಂದು ಕೇಳಿ. ಕಾವಲುಗಾರರಿಗೆ ಪೆಟ್ಟಾಗಬೇಕೇ, ಅವರು ಚದುರಿ ಬಾಗಿಲು ತೆರವಾಗಬೇಕೇ, ಅಥವಾ ಕತ್ತಲಾಗಬೇಕೇ? ಮೂರಕ್ಕೂ ಬೇರೆ ಬೇರೆ ತೀರ್ಪು ಬೇಕು. ಕತ್ತಲಷ್ಟೇ ಸಾಕು ಎಂದರೆ ದಾಳವೇ ಬೇಕಾಗದೇ ಇರಬಹುದು. ಸೋತರೆ ಏನೂ ಕೆಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸಬಹುದು ಎನ್ನುವ ಕೆಲಸಕ್ಕೂ ದಾಳ ಬೇಡ.

ದಾಳ ಬೇಕು ಎಂದಾದರೆ, ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಬೋನಸ್ ಕೂಡಿಸಿ ಮುಟ್ಟಬೇಕಾದ ಸಂಖ್ಯೆ, ಅಂದರೆ ಡಿಸಿ, ಗೊತ್ತು ಮಾಡಿ. ಪುಸ್ತಕದ ಏಣಿ ಹೀಗಿದೆ: 5 ತೀರಾ ಸುಲಭ, 10 ಸುಲಭ, 15 ಮಧ್ಯಮ, 20 ಕಷ್ಟ, 25 ಬಹಳ ಕಷ್ಟ, 30 ಹೆಚ್ಚುಕಡಿಮೆ ಅಸಾಧ್ಯ. ಮೇಜಿನಲ್ಲಿ 10, 15, 20 ಇಷ್ಟರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ಆದರೆ ಈ ಹೆಸರುಗಳನ್ನು ನಂಬಿ ಮೋಸಹೋಗಬೇಡಿ. ಯಾವ ಬೋನಸ್ಸೂ ಇಲ್ಲದ ಪಾತ್ರ "ಸುಲಭ" ಎಂಬ 10ನ್ನು ಮುಟ್ಟುವ ಸಾಧ್ಯತೆ ಶೇ 55 ಮಾತ್ರ. ಮಧ್ಯಮವಾದರೆ ಶೇ 30. ಕೈಪಳಗಿದ, +5 ಬೋನಸ್ ಇರುವ ಪಾತ್ರಕ್ಕೆ ಇದೇ ಎರಡು ಸಂಖ್ಯೆಗಳು ಶೇ 80 ಮತ್ತು ಶೇ 55 ಆಗುತ್ತವೆ. ಹೊಸ ಜಿಎಂಗಳು "ಕಷ್ಟದ ಕೆಲಸವಲ್ಲವೇ" ಎಂದು 20 ಇಟ್ಟುಬಿಡುತ್ತಾರೆ. ಆಗ ಪಳಗಿದವನೂ ಹತ್ತರಲ್ಲಿ ಏಳು ಸಲ ಮುಗ್ಗರಿಸುತ್ತಾನೆ.

ಸಂಖ್ಯೆ ಮನಸ್ಸಿಗೆ ಬಂದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿ: "ಡಿಸಿ 15, ಅಕ್ರೋಬ್ಯಾಟಿಕ್ಸ್. ಗೆದ್ದರೆ ದೀಪ ಇಬ್ಬರು ಕಾವಲುಗಾರರ ಮೇಲೆ ಬೀಳುತ್ತದೆ. ಸೋತರೆ ನೀನು ಮಾತ್ರ ಬೀಳುತ್ತೀಯ, ಮೂರು ಮೀಟರಿಗೆ ಒಂದು ಡಿ6 (ಆರು ಮುಖದ ದಾಳ) ಪೆಟ್ಟು, ಕಾವಲುಗಾರರ ನಡುವೆಯೇ ಅಂಗಾತ ಬಿದ್ದಿರುತ್ತೀಯ. ಮಾಡ್ತೀಯಾ?" ಆಕೆ ಹಿಂದೆಗೆದರೆ ಹಿಂದೆಗೆಯಲಿ, ಸರದಿ ಕಳೆದುಕೊಂಡಂತಲ್ಲ. ಪಾತ್ರ ಆ ಕೋಣೆಯಲ್ಲೇ ನಿಂತಿದೆ; ಎತ್ತರ, ಸರಪಳಿಯ ಗಟ್ಟಿತನ ಎಲ್ಲ ಅದರ ಕಣ್ಣಿಗೆ ಕಾಣುತ್ತಿದೆ. ಆಟಗಾರ್ತಿಗೆ ಕಾಣುವುದು ನಿಮ್ಮ ಮಾತು ಮಾತ್ರ. ಡಿಸಿ ಬಚ್ಚಿಟ್ಟರೆ ಆಟಕ್ಕೆ ರೋಚಕತೆ ಬರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಬಲೆ, ಸುಳ್ಳು, ಗುಪ್ತ ಬಾಗಿಲಿನಂಥ ವಿಷಯಕ್ಕೆ ಅದು ಸರಿ. ಕಣ್ಣೆದುರಿನ ಸಾಹಸಕ್ಕೆ ಬಚ್ಚಿಟ್ಟರೆ ಆಟಗಾರರು ಸಾಹಸವನ್ನೇ ಬಿಡುತ್ತಾರೆ.

ಇನ್ನು ಡ್ಯಾಮೇಜ್. ಜಿಎಂಗಳಿಗೆಂದೇ ಇರುವ ಪುಸ್ತಕದಲ್ಲಿ ಇದಕ್ಕೆ ಒಂದು ಕೋಷ್ಟಕವಿದೆ, ಓದಿದವರು ಕಡಿಮೆ. 1ರಿಂದ 4ನೇ ಲೆವೆಲ್‌ವರೆಗೆ ಸಣ್ಣ ಪೆಟ್ಟಿಗೆ 1ಡಿ10 (ಹತ್ತು ಮುಖದ ಒಂದು ದಾಳ), ಅಪಾಯಕಾರಿಗೆ 2ಡಿ10, ಪ್ರಾಣಾಂತಿಕಕ್ಕೆ 4ಡಿ10. 5ರಿಂದ 10ರವರೆಗೆ ಕ್ರಮವಾಗಿ 2ಡಿ10, 4ಡಿ10, 10ಡಿ10. 2ಡಿ10ರ ಸರಾಸರಿ 11. ಪುಸ್ತಕದ ಸಾಮಾನ್ಯ ಕಾವಲುಗಾರನ ಹಿಟ್ ಪಾಯಿಂಟ್ (ಬೀಳುವ ಮೊದಲು ತಡೆದುಕೊಳ್ಳಬಲ್ಲ ಪೆಟ್ಟಿನ ಲೆಕ್ಕ) ಕೂಡ 11. ಹಾಗಾಗಿ ಭಾರಿ ಕಬ್ಬಿಣದ ದೀಪಕ್ಕೆ 2ಡಿ10, ಡೆಕ್ಸ್‌ಟೆರಿಟಿ ಸೇವ್ (ಚುರುಕಾಗಿ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದವನಿಗೆ ಅರ್ಧ ಎಂದರೆ ಹೆಚ್ಚೂ ಆಗದು, ಕಡಿಮೆಯೂ ಆಗದು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ದಾಳದ ಮೇಲೆ ದಾಳ ಕೇಳುವುದು. ಜಿಗಿಯಲು ಒಂದು, ಹಿಡಿಯಲು ಒಂದು, ಕೆಡವಲು ಮತ್ತೊಂದು. ಪ್ರತಿಯೊಂದಕ್ಕೂ ಶೇ 55 ಸಾಧ್ಯತೆ ಇದ್ದರೆ ಮೂರೂ ಗೆಲ್ಲುವ ಸಾಧ್ಯತೆ ಶೇ 17ಕ್ಕೂ ಕಡಿಮೆ. ಸುಮ್ಮನೆ ಬಾಣ ಬಿಟ್ಟಿದ್ದರೆ ಒಂದೇ ದಾಳದಲ್ಲಿ ಮುಗಿಯುತ್ತಿತ್ತು. ಎರಡು ಸಲ ಹೀಗಾದರೆ ಮೂರನೇ ಸಲ ಆಕೆಯ ಬಾಯಲ್ಲಿ ಬರುವುದು "ಬಾಣ ಬಿಡ್ತೀನಿ" ಅಷ್ಟೇ. ನೀವು "ಬೇಡ" ಎಂದು ಹೇಳದೆಯೇ ಲೆಕ್ಕ ಆ ಮಾತನ್ನು ಹೇಳಿರುತ್ತದೆ. ಇಡೀ ಸಾಹಸಕ್ಕೆ ಒಂದೇ ದಾಳ ಸಾಕು.

ಇನ್ನೊಂದು, ಇದರ ತಿರುಗುಮುರುಗು. ಕಲ್ಪನೆ ಚೆನ್ನಾಗಿದೆ ಎಂದು ಬೇರೊಬ್ಬ ಆಟಗಾರ ಲೆವೆಲ್ ಕೊಟ್ಟು ಗಳಿಸಿದ್ದನ್ನು ಪುಕ್ಕಟೆ ಹಂಚುವುದು. ಮೂರನೇ ಲೆವೆಲ್ಲಿನ ಬ್ಯಾಟಲ್ ಮಾಸ್ಟರ್ ಎಂಬ ಬಗೆಯ ಫೈಟರ್‌ಗೆ (ಯೋಧನ ಪಾತ್ರ) ನಾಲ್ಕು ವಿಶೇಷ ಡಿ8 ದಾಳಗಳಿರುತ್ತವೆ. ಒಂದನ್ನು ಖರ್ಚು ಮಾಡಿದರೆ ಹೊಡೆದ ಏಟಿನ ಜೊತೆಗೇ ಶತ್ರುವನ್ನು ಕೆಡವಲು ಅವಕಾಶ. ಪಕ್ಕದಲ್ಲಿರುವವನು "ಹೊಡೆಯುತ್ತಲೇ ಕಾಲಿಗೂ ಒದೀತೀನಿ" ಎಂದಾಗ ನೀವು ಅದಕ್ಕೂ ಹ್ಞೂಂ ಎಂದರೆ ಫೈಟರ್‌ನ ನಾಲ್ಕು ದಾಳಗಳಿಗೆ ಬೆಲೆ ಏನು ಉಳಿಯಿತು? ಯಾರು ಬೇಕಾದರೂ ತಳ್ಳಿ ಕೆಡವಬಹುದು, ಆದರೆ ಒಂದು ಏಟನ್ನು ಬಿಟ್ಟುಕೊಟ್ಟು. ಈ ನಿಯಮ ಪುಸ್ತಕದಲ್ಲೇ ಇದೆ. ನಿಮ್ಮ ತೀರ್ಪುಗಳಿಗೂ ಇದೇ ಮಾದರಿ ಇರಲಿ: ಹೊಸ ಲಾಭಕ್ಕೆ ಏನಾದರೊಂದು ತೆರಬೇಕು. ಏಟು, ಸರದಿ, ಜಾಗ, ಅಪಾಯ, ಏನಾದರೂ ಸರಿ.

ಕೊನೆಗೆ ತೀರ್ಪನ್ನು ಒಂದು ಸಾಲಿನಲ್ಲಿ ಬರೆದಿಡಿ. ಮುಂದಿನ ಸಲ ಇಂಥದ್ದೇ ಬಂದಾಗ ಅದೇ ತೀರ್ಪು ಸಿಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಆಟಗಾರರು ಯೋಜನೆ ಹಾಕುವುದು ಹೇಗೆ?

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬನಿಗೆ ರೂಲ್‌ಬುಕ್ ಬಾಯಿಪಾಠ. ನನ್ನ ಪ್ರತಿ ತೀರ್ಪಿಗೂ ಪುಟದ ಸಂಖ್ಯೆ ಸಮೇತ ಆಕ್ಷೇಪ. ಬಾಯಿ ಮುಚ್ಚಿಸುವುದು ಹೇಗೆ?

ಉತ್ತರ: ಮುಚ್ಚಿಸಬೇಡಿ, ಕೆಲಸ ಕೊಡಿ. ಬಾಯಿಪಾಠ ಇರುವವನು ಮೇಜಿಗೆ ದೊಡ್ಡ ಅನುಕೂಲ. ನೀವು ಕೇಳಿದಾಗ ನಿಯಮ ಹೇಳುವುದು, ತೀರ್ಪುಗಳ ಪಟ್ಟಿ ಬರೆಯುವುದು ಅವನ ಪಾಲಿಗೆ ಇರಲಿ. ನೀವು ಕೇಳದೆ ಹೇಳುವುದಾದರೆ ಒಂದೇ ವಾಕ್ಯ, ಒಂದೇ ಸಲ. ಆಮೇಲೆ ನೀವು ತೀರ್ಪು ಹೇಳುತ್ತೀರಿ, ಆಟ ಮುಂದಕ್ಕೆ ಹೋಗುತ್ತದೆ, ಉಳಿದ ಚರ್ಚೆ ಸೆಷನ್ ಮುಗಿದ ಮೇಲೆ. ಈ ಒಪ್ಪಂದಕ್ಕೆ ಒಂದೇ ವಿನಾಯಿತಿ ಇಡಿ: ಆ ನಿಯಮದಿಂದ ಯಾವುದಾದರೂ ಪಾತ್ರ ಸಾಯುವ ಪ್ರಸಂಗ ಬಂದರೆ ಆಟ ನಿಲ್ಲಿಸಿ ಪುಸ್ತಕ ತೆಗೆಯಿರಿ. ತಪ್ಪು ತೀರ್ಪಿನಿಂದ ನಾಲ್ಕು ಹಿಟ್ ಪಾಯಿಂಟ್ ಹೋದರೆ ಯಾರೂ ನೆನಪಿಡುವುದಿಲ್ಲ, ಪಾತ್ರ ಹೋದರೆ ವರ್ಷಗಟ್ಟಲೆ ಕೇಳಬೇಕಾಗುತ್ತದೆ.

ಅವನ ಆಕ್ಷೇಪಗಳ ಸ್ವರೂಪವನ್ನೂ ಗಮನಿಸಿ. ತನಗೆ ನಷ್ಟವಾಗುವ ನಿಯಮವನ್ನೂ ಅಷ್ಟೇ ನಿಷ್ಠೆಯಿಂದ ಎತ್ತಿ ತೋರಿಸುತ್ತಾನೆಯೇ? ಹಾಗಿದ್ದರೆ ಅವನಿಗೆ ಬೇಕಿರುವುದು ನ್ಯಾಯ. ನಿಮ್ಮ ತೀರ್ಪುಗಳು ದಿನಕ್ಕೊಂದು ಥರ ಇವೆಯೇನೋ ನೋಡಿಕೊಳ್ಳಿ. ಲಾಭವಾಗುವಾಗ ಮಾತ್ರ ಪುಟ ಸಂಖ್ಯೆ ನೆನಪಾಗುವುದಾದರೆ ಅದು ನಿಯಮದ ಪ್ರಶ್ನೆಯೇ ಅಲ್ಲ. ಪಕ್ಕಕ್ಕೆ ಕರೆದು ನೇರವಾಗಿ ಹೇಳಬೇಕಾದ ಮಾತು.

ಪ್ರಶ್ನೆ: ದಾಳದಲ್ಲಿ 1 ಬಿದ್ದರೆ ಆಯುಧ ಕೈಜಾರುತ್ತದೆ ಎಂಬ ಹೌಸ್ ರೂಲ್ (ಪುಸ್ತಕದಲ್ಲಿಲ್ಲದ, ನಮ್ಮದೇ ನಿಯಮ) ಇಟ್ಟಿದ್ದೇವೆ. ಎಲ್ಲರಿಗೂ ನಗು ಬರುತ್ತದೆ, ಆದರೆ ಫೈಟರ್ ಆಡುವವನು ಮುನಿಸಿಕೊಂಡಿದ್ದಾನೆ. ಅವನದು ಅತಿಯಾಯಿತೇ?

ಉತ್ತರ: ಅವನ ಮುನಿಸಿಗೆ ಲೆಕ್ಕದ ಬೆಂಬಲ ಇದೆ. ಒಂದು ಏಟಿನಲ್ಲಿ 1 ಬೀಳುವ ಸಾಧ್ಯತೆ ಶೇ 5. ಫೈಟರ್‌ಗೆ 5ನೇ ಲೆವೆಲ್ಲಿನಲ್ಲಿ ಸರದಿಗೆ ಎರಡು ಏಟು, 11ರಲ್ಲಿ ಮೂರು, 20ರಲ್ಲಿ ನಾಲ್ಕು. ಕನಿಷ್ಠ ಒಂದು ಸಲ ಕೈಜಾರುವ ಸಾಧ್ಯತೆ ಕ್ರಮವಾಗಿ ಶೇ 9.75, ಶೇ 14.3, ಶೇ 18.5. ಆಟದ ಒಂದು ಸುತ್ತು ಎಂದರೆ ಆರು ಸೆಕೆಂಡು. ಅಂದರೆ ಲೋಕವಿಖ್ಯಾತನಾದ 20ನೇ ಲೆವೆಲ್ಲಿನ ಖಡ್ಗವೀರ ಹೆಚ್ಚುಕಡಿಮೆ ಅರ್ಧ ನಿಮಿಷಕ್ಕೊಮ್ಮೆ ಕತ್ತಿ ಬೀಳಿಸುತ್ತಾನೆ. ಕಲಿತಷ್ಟೂ ಕೈ ಜಾರುವುದು ಹೆಚ್ಚುತ್ತ ಹೋಗುತ್ತದೆ! ಅತ್ತ ಫೈರ್‌ಬಾಲ್ ಮಂತ್ರ ಎಸೆಯುವ ವಿಝರ್ಡ್ (ಮಂತ್ರವಾದಿ) ಏಟಿನ ದಾಳವನ್ನೇ ಉರುಳಿಸುವುದಿಲ್ಲ. ಸೇವ್ ಉರುಳಿಸುವವರು ಶತ್ರುಗಳು. ಅವನಿಗೆ ಅಪಾಯ ಸೊನ್ನೆ.

ಪುಸ್ತಕದ ಪ್ರಕಾರ ಏಟಿನಲ್ಲಿ 1 ಬಿದ್ದರೆ ಗುರಿ ತಪ್ಪುತ್ತದೆ, ಅಷ್ಟೇ. ಸ್ಕಿಲ್ ಚೆಕ್‌ಗಳಲ್ಲಿ (ಜಿಗಿತ, ನುಸುಳುವಿಕೆಯಂಥ ಕೌಶಲದ ದಾಳಗಳಲ್ಲಿ) ಆ 1ಕ್ಕೆ ವಿಶೇಷ ಅರ್ಥವೇ ಇಲ್ಲ. ನಗು ಬೇಕೇಬೇಕು ಎಂದರೆ ಸರದಿಯ ಮೊದಲ ಏಟಿಗೆ ಮಾತ್ರ ಈ ನಿಯಮ ಇಟ್ಟುಕೊಳ್ಳಿ, ಆಗ ಎಲ್ಲರಿಗೂ ಶೇ 5ಕ್ಕೆ ನಿಲ್ಲುತ್ತದೆ. ಇನ್ನೂ ಒಳ್ಳೆಯದು, ಕೈಜಾರುವುದನ್ನು ಆಟಗಾರನ ಆಯ್ಕೆಗೆ ಬಿಟ್ಟು, ಒಪ್ಪಿಕೊಂಡವನಿಗೆ ಒಂದು ಇನ್‌ಸ್ಪಿರೇಷನ್ (ಮುಂದೊಂದು ದಾಳಕ್ಕೆ ನೆರವಾಗುವ ಬಹುಮಾನ) ಕೊಡಿ.

ಹೌಸ್ ರೂಲ್ ಮಾಡುವಾಗಲೆಲ್ಲ ಇದೇ ಪರೀಕ್ಷೆ: ಇದರ ಭಾರ ಯಾರ ತಲೆ ಮೇಲೆ ಬೀಳುತ್ತದೆ? ಶತ್ರುವನ್ನು ಇಬ್ಬರು ಎರಡು ಬದಿಯಿಂದ ಸುತ್ತುವರಿದರೆ ಇಬ್ಬರಿಗೂ ಅಡ್ವಾಂಟೇಜ್ ಎಂಬ ಐಚ್ಛಿಕ ನಿಯಮ ನೋಡಿ, ಹೊರನೋಟಕ್ಕೆ ಸಾಧು. ಆದರೆ ಅಡ್ವಾಂಟೇಜ್ ಎಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. 11 ಬೇಕಿರುವ ಕಡೆ ಅದು ಶೇ 50ನ್ನು ಶೇ 75ಕ್ಕೆ ಏರಿಸುತ್ತದೆ, ಅಂದರೆ +5 ಬೋನಸ್ಸಿಗೆ ಸಮ. ಅದು ಹೀಗೆ ಸಲೀಸಾಗಿ ಸಿಕ್ಕರೆ, ಅದೇ ಅಡ್ವಾಂಟೇಜ್‌ಗಾಗಿ ಮೈಮರೆತು ನುಗ್ಗಿ ಪೆಟ್ಟು ತಿನ್ನುವ ಬಾರ್ಬೇರಿಯನ್‌ನ ಶಕ್ತಿ ನೀರುಪಾಲು. ಅದಕ್ಕೇ ಎಷ್ಟೋ ಗುಂಪುಗಳು ಇದನ್ನು ಸಾದಾ +2ಕ್ಕೆ ಇಳಿಸಿಕೊಂಡಿವೆ.

ಪ್ರಶ್ನೆ: ವಿಝರ್ಡ್ ಮತ್ತು ಕ್ಲೆರಿಕ್ (ಪೂಜಾರಿಯ ಪಾತ್ರ) ಸೇರಿ ನನ್ನ ಎಲ್ಲ ಯೋಜನೆಯನ್ನೂ ಮಂತ್ರದಿಂದ ಹಾರಿಸಿಬಿಡುತ್ತಾರೆ. ಮೊನ್ನೆ ಕ್ಲೆರಿಕ್ "ನೀರು ಸೃಷ್ಟಿಸುವ ಮಂತ್ರವನ್ನು ಶತ್ರುವಿನ ಶ್ವಾಸಕೋಶದೊಳಗೇ ಹಾಕುತ್ತೇನೆ" ಎಂದ. ಕೆಲವು ಮಂತ್ರಗಳನ್ನು ನಿಷೇಧಿಸಿದರೆ ತಪ್ಪಾಗುತ್ತದೆಯೇ?

ಉತ್ತರ: ಆಟದ ನಡುವೆ ನಿಷೇಧಿಸಿದರೆ ತಪ್ಪು. ಮೊದಲು ಮಂತ್ರದ ಪಠ್ಯವನ್ನು ಗಟ್ಟಿಯಾಗಿ ಓದಿಸಿ. ಇಂಥ ಮುಕ್ಕಾಲುಪಾಲು ಜಗಳ ಅಲ್ಲಿಗೇ ಮುಗಿಯುತ್ತದೆ. ನೀರಿನ ಮಂತ್ರ ಒಂದನೇ ಲೆವೆಲ್ಲಿನದು. ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್ ನೀರು ತೆರೆದ ಪಾತ್ರೆಯೊಂದರಲ್ಲಿ ಮೂಡುತ್ತದೆ, ಇಲ್ಲವೇ ಮಳೆಯಾಗಿ ಸುರಿಯುತ್ತದೆ ಎಂದು ಬರೆದಿದೆ. ಬದುಕಿರುವವನ ಶ್ವಾಸಕೋಶ ತೆರೆದ ಪಾತ್ರೆಯಲ್ಲ. ವಾದ ಮುಂದುವರಿದರೆ "ಸರಿ, ಹಾಗೇ ಆಗಲಿ, ಇವತ್ತಿನಿಂದ ಶತ್ರುಗಳ ಪೂಜಾರಿಗಳಿಗೂ ಇದೇ ನಿಯಮ" ಎನ್ನಿ. ಕ್ಲೆರಿಕ್ ತಾನೇ ಹಿಂದೆ ಸರಿಯುತ್ತಾನೆ.

ಬೇರೆ ಮಂತ್ರಗಳೂ ಹೀಗೆಯೇ. ಅದೃಶ್ಯವಾಗಿಸುವ ಮಂತ್ರ ಕಾಲಸಪ್ಪಳವನ್ನು ಅಡಗಿಸುವುದಿಲ್ಲ, ಏಟು ಹಾಕಿದರೆ ಅಥವಾ ಇನ್ನೊಂದು ಮಂತ್ರ ಹೇಳಿದರೆ ಮುಗಿಯುತ್ತದೆ. ಬೀಗ ತೆರೆಯುವ ನಾಕ್ ಮಂತ್ರದ ಬಡಿತ 300 ಅಡಿ ದೂರಕ್ಕೆ ಕೇಳಿಸುತ್ತದೆ. ಚಾರ್ಮ್ ಪರ್ಸನ್ ಇಳಿದ ಮೇಲೆ, ತನ್ನನ್ನು ಮರುಳುಮಾಡಿದವರು ಯಾರೆಂದು ಆ ವ್ಯಕ್ತಿಗೆ ಗೊತ್ತಾಗುತ್ತದೆ. ಈ ಷರತ್ತುಗಳನ್ನು ಮರೆತ ಮೇಜಿನಲ್ಲಿ ಮಂತ್ರವಾದಿಗಳೇ ರಾಜರು.

ಆದರೂ ಸಮಸ್ಯೆ ಉಳಿದರೆ ಬೇರು ಇನ್ನೊಂದು ಕಡೆ ಇದೆ. ಎರಡು ದೀರ್ಘ ವಿಶ್ರಾಂತಿಗಳ (ಖರ್ಚಾದ ಮಂತ್ರಶಕ್ತಿ ಮರಳಿಸುವ ನಿದ್ದೆ) ನಡುವೆ ಎಷ್ಟು ಕಾಳಗ ನಡೆಸುತ್ತೀರಿ? 2014ರ ಪುಸ್ತಕದ ಲೆಕ್ಕ ನಿಂತಿರುವುದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಮುಖಾಮುಖಿಗಳ ಮೇಲೆ. ಹೆಚ್ಚಿನ ಗುಂಪುಗಳು ನಡೆಸುವುದು ಒಂದೋ ಎರಡೋ. ಆಗ ವಿಝರ್ಡ್ ಇಡೀ ದಿನದ ಸ್ಪೆಲ್ ಸ್ಲಾಟ್‌ಗಳನ್ನು (ಮಂತ್ರ ಹಾಕಲು ಇರುವ ಸೀಮಿತ ಅವಕಾಶಗಳನ್ನು) ಒಂದೇ ಕಾಳಗದಲ್ಲಿ ಸುರಿಯುತ್ತಾನೆ. ದಿನವಿಡೀ ಒಂದೇ ಸಮ ಹೊಡೆಯುವ ಫೈಟರ್ ಪೆಚ್ಚಾಗಿ ನಿಲ್ಲುತ್ತಾನೆ. ಒಂದೇ ಸೆಷನ್ನಿನಲ್ಲಿ ಆರು ಕಾಳಗ ತುರುಕಬೇಕಿಲ್ಲ. ಆಟದೊಳಗಿನ ಒಂದು ದಿನವನ್ನು ಎರಡು ಮೂರು ಸೆಷನ್ನಿಗೆ ಹಂಚಿ, ಅಥವಾ "ಸೂರ್ಯ ಮುಳುಗುವುದರೊಳಗೆ ಸೆರೆಯಾಳನ್ನು ಬಿಡಿಸಬೇಕು" ಎಂಬಂಥ ಗಡುವು ಇಡಿ. ನಡುವೆ ಮಲಗಿ ಏಳುವ ಅವಕಾಶ ತಪ್ಪಿದರೆ ಸ್ಲಾಟ್ ಖರ್ಚು ಮಾಡುವ ಕೈ ತಾನೇ ಬಿಗಿಯಾಗುತ್ತದೆ. ಯಾವ ಮಂತ್ರವನ್ನೂ ಮುಟ್ಟಬೇಕಾಗಿಲ್ಲ.

ಇಷ್ಟಾದ ಮೇಲೂ ಒಂದು ಮಂತ್ರವನ್ನು ತೆಗೆಯಲೇಬೇಕು ಎನಿಸಿದರೆ ಎರಡು ಸೆಷನ್‌ಗಳ ನಡುವೆ ತೆಗೆಯಿರಿ, ಅದನ್ನು ಕಲಿತಿದ್ದವರಿಗೆ ಬದಲಿ ಆಯ್ಕೆ ಕೊಡಿ.

ಪ್ರಶ್ನೆ: ಪರದೆಯ ಹಿಂದೆ ದಾಳದ ಫಲವನ್ನು ಬದಲಿಸಿ ಹೇಳುವುದು ಸರಿಯೇ? ಒಳ್ಳೆಯ ಕಥೆಗಾಗಿ ತಾನೇ?

ಉತ್ತರ: ಬೇಡ ಎನ್ನುವುದು ನಮ್ಮ ಪಕ್ಷ. ಐದನೇ ಆವೃತ್ತಿಯ ಜಿಎಂ ಪುಸ್ತಕ ಇದಕ್ಕೆ ಬಾಗಿಲು ತೆರೆದೇ ಇಟ್ಟಿದೆ, ಒಪ್ಪುವ ಅನುಭವಿಗಳೂ ಬೇಕಾದಷ್ಟು ಇದ್ದಾರೆ. ಆದರೆ ಒಮ್ಮೆ ಆಟಗಾರರಿಗೆ ಸುಳಿವು ಸಿಕ್ಕರೆ ಹಿಂದಿನ ಗೆಲುವುಗಳೂ ಕಳೆಗುಂದುತ್ತವೆ: ಆ ಡ್ರಾಗನ್ ಸತ್ತದ್ದು ನಮ್ಮಿಂದಲೋ, ಇವರ ದಯೆಯಿಂದಲೋ?

ದಾಳ ಬಿದ್ದ ಮೇಲೆ ಬದಲಿಸುವ ಬದಲು, ಬೀಳುವ ಮೊದಲು ಬದಲಿಸಲು ನಿಮ್ಮ ಕೈಯಲ್ಲಿ ಬೇಕಾದಷ್ಟಿದೆ. ರಾಕ್ಷಸರ ಹಿಟ್ ಪಾಯಿಂಟನ್ನೇ ನೋಡಿ. ಪುಸ್ತಕ ಓಗರ್‌ಗೆ 59 ಎನ್ನುತ್ತದೆ, ಅದು 7ಡಿ10+21ರ ಸರಾಸರಿ. ನಿಜವಾದ ವ್ಯಾಪ್ತಿ 28ರಿಂದ 91. ಬಳಲಿದ ಗುಂಪಿನ ಎದುರು 40ರ ಓಗರ್ ನಿಲ್ಲಿಸಿದರೆ ಅದು ನಿಯಮದೊಳಗೇ ಇದೆ. ಆದರೆ ಕಾಳಗ ಶುರುವಾಗುವ ಮೊದಲೇ ಆ ಸಂಖ್ಯೆಯನ್ನು ಬರೆದುಕೊಳ್ಳಿ, ನಡುವೆ ತಿದ್ದಬೇಡಿ.

ಕಾಳಗ ಕೈಮೀರಿದಾಗ ಶತ್ರುಗಳ ನಡವಳಿಕೆಯೂ ನಿಮ್ಮದೇ. ಅರ್ಧದಷ್ಟು ಜನ ಬಿದ್ದ ಮೇಲೂ ಗಾಬ್ಲಿನ್‌ಗಳು ಸಾಯುವವರೆಗೆ ಹೋರಾಡಬೇಕು ಎಂದು ಎಲ್ಲೂ ಬರೆದಿಲ್ಲ. ಓಡಬಹುದು, ಶರಣಾಗಬಹುದು, ನೆಲಕ್ಕೆ ಬಿದ್ದ ವೀರನನ್ನು ಕೊಲ್ಲುವ ಬದಲು ಒತ್ತೆ ಹಿಡಿಯಬಹುದು. ಪ್ರಾಣಕ್ಕಿಂತ ಹಣ ಮೇಲು ಎನ್ನುವ ಡಕಾಯಿತರ ವಿಷಯದಲ್ಲಿ ಅದೇ ಸಹಜ ಕೂಡ. ಇನ್ನು ಪಾತ್ರಗಳು ಸಾಯುವುದೇ ಬೇಡ ಎನ್ನುವ ಗುಂಪು ನಿಮ್ಮದಾದರೆ, ಅದನ್ನು ಮೊದಲ ದಿನವೇ ಎಲ್ಲರೆದುರು ನಿಯಮವಾಗಿ ಹೇಳಿ: ಸೊನ್ನೆಗೆ ಇಳಿದು ಮೂರು ಡೆತ್ ಸೇವ್ (ಸಾವು-ಬದುಕು ತೀರ್ಮಾನಿಸುವ ದಾಳ) ಸೋತವರು ಸಾಯುವುದಿಲ್ಲ, ಬದಲಿಗೆ ಶಾಶ್ವತ ಗಾಯವೋ ಸೆರೆವಾಸವೋ. ಗುಟ್ಟಾಗಿ ಉಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಐವರೂ ಕದ್ದು ನುಸುಳಲು ಹೋದಾಗ ಯಾರಾದರೊಬ್ಬರು ಸಿಕ್ಕಿಬೀಳುತ್ತಾರೆ. ಯಾವಾಗಲೂ!

ಉತ್ತರ: ಪ್ರತಿಯೊಬ್ಬರಿಗೂ ಶೇ 60 ಸಾಧ್ಯತೆ ಇದ್ದರೂ ಐವರೂ ಗೆಲ್ಲುವುದು ಶೇ 8ಕ್ಕಿಂತ ಕಡಿಮೆ. ಗುಂಪು ಚೆಕ್ ಎಂಬ ನಿಯಮ ಇರುವುದು ಇದಕ್ಕೇ: ಕನಿಷ್ಠ ಅರ್ಧದಷ್ಟು ಜನ ಗೆದ್ದರೆ ಗುಂಪೇ ಗೆದ್ದಂತೆ. ಐವರಲ್ಲಿ ಕನಿಷ್ಠ ಮೂವರು ಗೆಲ್ಲುವ ಸಾಧ್ಯತೆ ಶೇ 68. ಒಮ್ಮೆ ಗೆದ್ದ ಮೇಲೆ ಪರಿಸ್ಥಿತಿ ನಿಜವಾಗಿ ಬದಲಾಗುವವರೆಗೆ ಆ ಫಲವೇ ನಡೆಯಲಿ. ಕಂಬದಿಂದ ಕಂಬಕ್ಕೆ ಹೊಸ ದಾಳ ಕೇಳಿದರೆ "ಸೋಲುವವರೆಗೆ ಉರುಳಿಸು" ಎಂದು ಹೇಳಿದಂತಾಗುತ್ತದೆ.

ಪ್ರಶ್ನೆ: ನಿಯಮವೋ ತೀರ್ಪುಗಾರನೋ ಎಂಬ ಈ ಚರ್ಚೆ ಇತ್ತೀಚಿನದೇ? ಹಳಬರು "ನಮ್ಮ ಕಾಲದಲ್ಲಿ ಜಿಎಂ ಹೇಳಿದ್ದೇ ನಿಯಮ" ಎನ್ನುತ್ತಾರೆ.

ಉತ್ತರ: ಈ ಆಟಗಳು ಹುಟ್ಟುವ ಮೊದಲೇ ಹುಟ್ಟಿದ ಚರ್ಚೆ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಕ್ರೀಗ್ಸ್‌ಷ್ಪೀಲ್ ಎಂಬ ಯುದ್ಧದ ಆಟದ ನಿಯಮಗಳನ್ನು ಪ್ರಕಟಿಸಿದ. ಅಧಿಕಾರಿಗಳ ತರಬೇತಿಗೆ ಬಳಸಿದ ಆಟ: ನಕ್ಷೆ, ದಾಳ, ನಷ್ಟದ ಕೋಷ್ಟಕಗಳು, ನಡುವೆ ಒಬ್ಬ ತೀರ್ಪುಗಾರ. ಮುಂದೆ ಕೋಷ್ಟಕಗಳ ಭಾರಕ್ಕೆ ಆಟ ಕುಂಟತೊಡಗಿತು. 1876ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ, ಯುದ್ಧ ಬಲ್ಲ ತೀರ್ಪುಗಾರನಿದ್ದರೆ ಕೋಷ್ಟಕಗಳ ಹಂಗು ಬೇಡ ಎಂದು ವಾದಿಸಿದ. ಮೊದಲನೆಯದು ಬಿಗಿ ಪಂಥ, ಎರಡನೆಯದು ಮುಕ್ತ ಪಂಥ. ಇವತ್ತಿನ ಜಗಳವೂ ಅದೇ, ಡ್ರಾಗನ್ ಮಾತ್ರ ಹೊಸದು.

ಅಮೆರಿಕದಲ್ಲಿ ಡೇವಿಡ್ ವೆಸ್ಲಿ 1960ರ ದಶಕದ ಕೊನೆಗೆ ನಡೆಸಿದ ಬ್ರೌನ್‌ಸ್ಟೈನ್ ಆಟದಲ್ಲಿ ಆಟಗಾರರು ಸೈನ್ಯ ಬಿಟ್ಟು ಒಬ್ಬೊಬ್ಬ ವ್ಯಕ್ತಿಯಾಗಿ ಆಡಿದರು; ಅವರು ಮಾಡಲು ಹೊರಟದ್ದಕ್ಕೆಲ್ಲ ವೆಸ್ಲಿ ಅಲ್ಲಲ್ಲೇ ತೀರ್ಪು ಕೊಡಬೇಕಾಯಿತು. ಅಲ್ಲಿ ಆಡಿದ್ದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಮೂರು ತೆಳು ಪುಸ್ತಿಕೆಗಳು, ಬಿಟ್ಟ ಜಾಗಗಳೇ ಹೆಚ್ಚು. ಹಾಗಾಗಿ ಹಳಬರ ಮಾತು ಸುಳ್ಳಲ್ಲ, ಆದರೆ ಆಗ ಬೇರೆ ದಾರಿಯೂ ಇರಲಿಲ್ಲ. 2000ದ ಮೂರನೇ ಆವೃತ್ತಿ ಎಲ್ಲಕ್ಕೂ ನಿಯಮ ಬರೆಯಲು ಹೊರಟಿತು, 2008ರ ನಾಲ್ಕನೆಯದು ಪಾತ್ರಗಳ ಶಕ್ತಿಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿತು, 2014ರ ಐದನೆಯದು ತೀರ್ಪನ್ನು ಮತ್ತೆ ಮೇಜಿಗೆ ಬಿಟ್ಟುಕೊಟ್ಟಿತು. ಲೋಲಕ ಇನ್ನೂ ತೂಗುತ್ತಿದೆ.

ಪ್ರಶ್ನೆ: ಕಡಿಮೆ ನಿಯಮದ ಆಟ ಹಿಡಿದರೆ ಈ ತಲೆನೋವೆಲ್ಲ ಹೋಗುತ್ತದೆಯೇ?

ಉತ್ತರ: ತಲೆನೋವು ಜಾಗ ಬದಲಿಸುತ್ತದೆ. 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಮತ್ತು ಅದರಿಂದ ಹುಟ್ಟಿದ ಆಟಗಳಲ್ಲಿ ಡಿಸಿ ಇಲ್ಲವೇ ಇಲ್ಲ. ಆರು ಮುಖದ ಎರಡು ದಾಳ: ಒಟ್ಟು 10 ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಬೆಲೆ ತೆತ್ತು ಗೆಲುವು, 6 ಅಥವಾ ಕಡಿಮೆ ಬಂದರೆ ಜಿಎಂ ಕೈ ಮೇಲು. +1 ಬೋನಸ್ ಇದ್ದರೆ ಇವುಗಳ ಪಾಲು ಶೇ 28, ಶೇ 44, ಶೇ 28. ಅಂದರೆ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ "ಗೆದ್ದೆ, ಆದರೆ" ಎಂಬ ಮಾತಿನ ಉಳಿದರ್ಧವನ್ನು ನೀವು ಹುಟ್ಟಿಸಬೇಕು. ಎರಡು ಗಂಟೆ ಆಡುವಷ್ಟರಲ್ಲಿ ಕಲ್ಪನೆ ಬತ್ತುತ್ತದೆ. ಮೊದಲೇ ಹತ್ತಾರು ಬೆಲೆಗಳ ಪಟ್ಟಿ ಮಾಡಿಟ್ಟುಕೊಂಡು ಕೂರಿ: ಸದ್ದಾಯಿತು, ಆಯುಧ ಸಿಕ್ಕಿಕೊಂಡಿತು, ಗೆಳೆಯನೊಬ್ಬ ಅಪಾಯಕ್ಕೆ ಸಿಲುಕಿದ, ಹೀಗೆ.

2017ರ ಬ್ಲೇಡ್ಸ್ ಇನ್ ದ ಡಾರ್ಕ್‌ನಿಂದ ಯಾವ ಆಟಕ್ಕಾದರೂ ಎರವಲು ತರಬಹುದಾದ ಉಪಾಯ ಎಂದರೆ ಕ್ಲಾಕ್. 4, 6 ಅಥವಾ 8 ಭಾಗ ಮಾಡಿದ ಒಂದು ವೃತ್ತವನ್ನು ಎಲ್ಲರಿಗೂ ಕಾಣುವಂತೆ ಬರೆದು, "ಕಾವಲು ಎಚ್ಚೆತ್ತಿತು" ಎಂದು ಹೆಸರಿಟ್ಟು, ಸೋಲಿಗೊಂದಷ್ಟು ಭಾಗ ತುಂಬುತ್ತ ಹೋಗುವುದು. ಸ್ವಾತಂತ್ರ್ಯ ನಿಮ್ಮದೇ, ಆದರೆ ಎಷ್ಟು ಉಳಿದಿದೆ ಎಂಬುದು ಎಲ್ಲರ ಕಣ್ಣೆದುರು.

ಇನ್ನೊಂದು ತುದಿ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ. ಲೆವೆಲ್ಲಿಗೆ ತಕ್ಕ ಡಿಸಿಯ ಕೋಷ್ಟಕವೇ ಇದೆ: 5ನೇ ಲೆವೆಲ್ಲಿಗೆ 20, 10ಕ್ಕೆ 27. ಡಿಸಿಗಿಂತ 10 ಹೆಚ್ಚು ಬಂದರೆ ಮಹಾಗೆಲುವು, 10 ಕಡಿಮೆ ಬಂದರೆ ಮಹಾಸೋಲು. ಇಲ್ಲಿ ಹೊಸಬರು ಮಾಡುವ ಎಡವಟ್ಟು ಒಂದೇ. ಆ ಕೋಷ್ಟಕವನ್ನು ಕಲ್ಲಿಗೂ ಮರಕ್ಕೂ ಹಚ್ಚುತ್ತಾರೆ. ಆಗ ವೀರರು ಬೆಳೆದಂತೆ ಅದೇ ಹಳೆಯ ಗೋಡೆ ಹತ್ತುವುದೂ ಕಷ್ಟವಾಗುತ್ತ ಹೋಗುತ್ತದೆ. ಗೋಡೆ, ನದಿ, ಬೀಗಗಳಿಗೆ ಅದೇ ಪುಸ್ತಕದ ಸರಳ ಡಿಸಿಗಳನ್ನು (10, 15, 20, 30, 40) ಬಳಸಿ. ಲೆವೆಲ್ ಕೋಷ್ಟಕ ಲೆವೆಲ್ ಇರುವ ಎದುರಾಳಿ, ಮಂತ್ರ, ವಸ್ತುಗಳಿಗೆ ಮಾತ್ರ.

ಪ್ರಶ್ನೆ: ದಾಳ ಮೇಜಿನಿಂದ ಕೆಳಗೆ ಬಿದ್ದರೆ ಆ ಸಂಖ್ಯೆ ಲೆಕ್ಕಕ್ಕೆ ಉಂಟೇ? ನಮ್ಮಲ್ಲಿ ಇದಕ್ಕೂ ಜಗಳ.

ಉತ್ತರ: ಮತ್ತೆ ಉರುಳಿಸುವುದು ಹೆಚ್ಚಿನ ಮೇಜುಗಳ ರೂಢಿ, ಪುಸ್ತಕಕ್ಕೆ ಇದರ ಗೊಡವೆಯಿಲ್ಲ. ಓರೆಯಾಗಿ ನಿಂತ ದಾಳಕ್ಕೂ ಅದೇ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಕೆಳಗೆ ಬಿದ್ದದ್ದು 20 ಎಂದು ಬಗ್ಗಿ ನೋಡಿದ ಮೇಲೆ ಆರಿಸಬೇಡಿ. ಅಂಚು ಎತ್ತರವಿರುವ ಒಂದು ತಟ್ಟೆಯನ್ನು ಮೇಜಿನ ನಡುವೆ ಇಟ್ಟರೆ ಮುಂದಿನ ಸಲದಿಂದ ಈ ಪ್ರಶ್ನೆಯೇ ಬರುವುದಿಲ್ಲ.